ಗ್ರಾಮಸಭೆಯಲ್ಲಿ ನಮ್ಮದೂ ಒಂದು ಕುರ್ಚಿ

ಶಿರಸಿ ಪೇಟೆಯಿಂದ ಯಾವ ರಸ್ತೆ ಹಿಡಿದು ಹೊರಟರೂ ಎಲ್ಲೋ ಒಂದು ಕಡೆ ನಗರಸಭೆಯ ಗಡಿ ಮುಗಿದು ಗ್ರಾಮ ಪಂಚಾಯತಿಯ ಗಡಿ ಶುರುವಾಗುತ್ತೆ. ಬಸ್ಸಿನಲ್ಲಿ ಕೂತವರಿಗೆ ಅದು ಗೊತ್ತೂ ಆಗಲ್ಲ. ಅದೇ ರಸ್ತೆ, ಅದೇ ಮಳೆ, ಅದೇ ಹೊಂಡ. ಆದರೆ ಗಡಿಯ ಆಚೆ ಇರುವ ಮತದಾರರಿಗೆ ಈಚೆ ಇರುವವರಿಗಿಂತ ಒಂದು ಹಕ್ಕು ಜಾಸ್ತಿ ಇದೆ. ಐದು ವರ್ಷಕ್ಕೊಮ್ಮೆ ವೋಟು ಹಾಕಿ ಸುಮ್ಮನಾಗಬೇಕಿಲ್ಲ; ವರ್ಷಕ್ಕೆ ಕನಿಷ್ಠ ಎರಡು ಸಲ ಪಂಚಾಯತಿಯವರ ಎದುರು ಕೂತು, "ಈ ಕೆಲಸ ಯಾಕೆ ಆಗಿಲ್ಲ?" ಅಂತ ಕೇಳಬಹುದು. ಆ ಸಭೆಯ ಹೆಸರು ಗ್ರಾಮಸಭೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಇಂಜಿನಿಯರಿಂಗ್ ಓದೋಕೆ ಬಂದಿರುವ ನಾವೆಲ್ಲ ಹದಿನೆಂಟು ದಾಟಿದವರು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಕಾನೂನಿನ ಲೆಕ್ಕದಲ್ಲಿ ನಾವು ಈಗಾಗಲೇ ಗ್ರಾಮಸಭೆಯ ಸದಸ್ಯರು. ಬೇರೆ ಫಾರ್ಮ್ ತುಂಬಬೇಕಿಲ್ಲ, ಫೀ ಕಟ್ಟಬೇಕಿಲ್ಲ. ಕಾಲೇಜಿನ ಯಾವ ಕ್ಲಬ್ಬಿನ ಮೆಂಬರ್‌ಶಿಪ್ಪೂ ಇಷ್ಟು ಸುಲಭಕ್ಕೆ ಸಿಗಲ್ಲ! ಆ ಸದಸ್ಯತ್ವದಿಂದ ಏನೇನು ಮಾಡಬಹುದು, ಎಲ್ಲಿ ಅದು ಸಾಲದು ಅನ್ನೋದನ್ನ ಇಲ್ಲಿ ನೋಡೋಣ.

ಪಂಚಾಯತಿ ಬೇರೆ, ಗ್ರಾಮಸಭೆ ಬೇರೆ

ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಗ್ರಾಮ ಪಂಚಾಯತಿ ಅಂದರೆ ಸಿಆರ್‌ಗಳ ಗುಂಪು. ಗ್ರಾಮಸಭೆ ಅಂದರೆ ಇಡೀ ಕ್ಲಾಸು. ಪಂಚಾಯತಿ ಸದಸ್ಯರನ್ನು ನಾವು ಆರಿಸುತ್ತೇವೆ. ಗ್ರಾಮಸಭೆಗೆ ಯಾರನ್ನೂ ಆರಿಸಬೇಕಿಲ್ಲ, ಮತದಾರರೆಲ್ಲ ಸೇರಿದರೆ ಅದೇ ಗ್ರಾಮಸಭೆ. ಸಂವಿಧಾನದ 73ನೇ ತಿದ್ದುಪಡಿ ಮತ್ತು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಎರಡೂ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಆ ಕಾಯ್ದೆಗೆ ಈಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಅಂತ ಹೆಸರು.

ಗ್ರಾಮಸಭೆಗಿಂತ ಕೆಳಗೆ ಇನ್ನೂ ಒಂದು ಮೆಟ್ಟಿಲಿದೆ: ವಾರ್ಡ್ ಸಭೆ. ನಮ್ಮ ಕೇರಿ, ನಮ್ಮ ಮಜಿರೆಯವರೇ ಸೇರುವ ಸಣ್ಣ ಸಭೆ ಅದು. ಎರಡನ್ನೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಸಲೇಬೇಕು. ಇವಲ್ಲದೆ ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಅಂತಲೂ ನಡೆಯುತ್ತವೆ.

ನಮ್ಮ ಜಿಲ್ಲೆಗೆ ಇಲ್ಲೊಂದು ಅನುಕೂಲ ಇದೆ. ಬಯಲುಸೀಮೆಯಲ್ಲಿ ಒಂದು ಪಂಚಾಯತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಇರಬೇಕು. ಉತ್ತರ ಕನ್ನಡದಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಜನ ಇದ್ದರೂ ಪಂಚಾಯತಿ ಮಾಡಬಹುದು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ ಇರುವ ಕಡೆ ದೊಡ್ಡ ಪಂಚಾಯತಿ ಮಾಡಿದರೆ ಸಭೆಗೆ ಬರೋರು ಯಾರು? ಅದಕ್ಕೇ ಈ ರಿಯಾಯಿತಿ.

ಒಂದು ಸಂಕ ಬೇಕಾದರೆ

ನಮ್ಮ ಕಡೆಯವರಿಗೆ ಸಂಕ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನ ಓದುಗರಿಗೆ ಹೇಳೋದಾದರೆ, ಮಳೆಗಾಲದಲ್ಲಿ ಹಳ್ಳ ದಾಟೋಕೆ ಅಡಿಕೆ ದಬ್ಬೆ, ಮರದ ದಿಮ್ಮಿ ಹಾಕಿ ಕಟ್ಟಿಕೊಳ್ಳುವ ಕಾಲುದಾರಿಯ ಸೇತುವೆ. ಶಾಲೆಗೆ ಹೋಗುವ ಮಕ್ಕಳು, ಡೈರಿಗೆ ಹಾಲು ಹಾಕುವವರು, ಆಸ್ಪತ್ರೆಗೆ ಹೋಗಬೇಕಾದ ಅಜ್ಜ-ಅಜ್ಜಿ ಎಲ್ಲರಿಗೂ ಅದೇ ದಾರಿ. ಅಂಥ ಕಡೆ ಒಂದು ಗಟ್ಟಿ ಕಾಲುಸಂಕ ಬೇಕು ಅಂತಿಟ್ಟುಕೊಳ್ಳಿ. ಏನಾಗಬೇಕು?

ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆ ಇಡಬೇಕು. ಆ ಸಭೆ ನಡೆಯೋಕೆ ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು ಜನ ಬೇಕು. ಅಲ್ಲಿ ಬೇಡಿಕೆಗಳನ್ನು ಆದ್ಯತೆಯ ಪ್ರಕಾರ ಸಾಲಾಗಿ ಬರೆಯುತ್ತಾರೆ. ಆಮೇಲೆ ಆ ಪಟ್ಟಿ ಗ್ರಾಮಸಭೆಗೆ ಬರುತ್ತೆ. ಗ್ರಾಮಸಭೆಯ ಕೋರಂ ಹತ್ತನೇ ಒಂದು ಭಾಗ ಅಥವಾ 100 ಜನ, ಇಲ್ಲೂ ಕಡಿಮೆ ಇರುವ ಸಂಖ್ಯೆಯೇ ಲೆಕ್ಕ. ಬಂದವರಲ್ಲಿ ಮಹಿಳೆಯರು ಶೇ. 30ರಷ್ಟಾದರೂ ಇರಬೇಕು. ಅಲ್ಲಿ ಒಪ್ಪಿಗೆ ಸಿಕ್ಕ ಕೆಲಸ ಪಂಚಾಯತಿಯ ಕ್ರಿಯಾ ಯೋಜನೆಗೆ ಸೇರುತ್ತೆ. ಆಮೇಲೆ ಎಸ್ಟಿಮೇಟ್, ಮಂಜೂರಾತಿ, ಕಾಮಗಾರಿ, ಬಿಲ್ಲು.

ಪಂಚಾಯತಿಯ ದುಡ್ಡಿನಲ್ಲಿ ಎಲ್ಲ ಕೆಲಸವೂ ಆಗಲ್ಲ, ನಿಜ. 2021ರ ಜುಲೈ ಮಳೆ ನೆನಪಿರಬಹುದು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಗುಳ್ಳಾಪುರದಲ್ಲಿ ಗಂಗಾವಳಿ ಹೊಳೆಗೆ ಕಟ್ಟಿದ್ದ ಸೇತುವೆಯೇ ಕೊಚ್ಚಿಹೋಯಿತು. ಅಂಥ ಸೇತುವೆ ಕಟ್ಟೋದು ಗ್ರಾಮ ಪಂಚಾಯತಿಯ ಕೈಲಿ ಆಗುವ ಮಾತಲ್ಲ. ಆದರೂ ಗ್ರಾಮಸಭೆಯ ಠರಾವು ಇದ್ದರೆ ಮೇಲಿನವರ ಹತ್ತಿರ ಹೋದಾಗ, "ಇದು ಒಬ್ಬರ ಅರ್ಜಿ ಅಲ್ಲ, ಇಡೀ ಊರಿನ ನಿರ್ಣಯ" ಅಂತ ಹೇಳೋಕೆ ಕೈಯಲ್ಲಿ ಒಂದು ಕಾಗದ ಇರುತ್ತೆ.

ಸಿವಿಲ್ ಬ್ರಾಂಚಿನ ಗೆಳೆಯರಿಗೆ ಇಲ್ಲಿ ಒಂದು ಮಾತು. ಎಸ್ಟಿಮೇಟ್ ಓದೋಕೆ ಬರುವವರು ಊರಿನ ಸಭೆಯಲ್ಲಿ ಎಷ್ಟು ಜನ ಇರ್ತಾರೆ? ಕಾಂಕ್ರೀಟಿನ ದಪ್ಪ ಎಷ್ಟು ಬರೆದಿದ್ದಾರೆ, ಮೋರಿಯ ಪೈಪಿನ ವ್ಯಾಸ ನಮ್ಮೂರ ಮಳೆಗೆ ಸಾಕಾ ಅಂತ ಕೇಳುವ ಒಬ್ಬರಿದ್ದರೂ ಸಭೆಯ ರೀತಿಯೇ ಬದಲಾಗುತ್ತೆ. ಕ್ಲಾಸಿನಲ್ಲಿ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಸಿಗಲ್ಲ.

ಕಾಡಿನ ಹಕ್ಕೂ ಇಲ್ಲಿಂದಲೇ

ರಸ್ತೆ, ಸಂಕಕ್ಕಿಂತ ದೊಡ್ಡ ವಿಷಯ ಭೂಮಿಯದು. ನಮ್ಮ ಮೂರು ತಾಲೂಕಿನಲ್ಲೂ ಎಷ್ಟೋ ಮನೆ, ಗದ್ದೆ, ತೋಟ ಅರಣ್ಯ ಭೂಮಿಯಲ್ಲಿವೆ. "ಅತಿಕ್ರಮಣ" ಅನ್ನುವ ಶಬ್ದ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಯಾರಿಗೆ ಹಕ್ಕು ಇದೆ ಅಂತ ಪರಿಶೀಲಿಸುವ ಕೆಲಸ ಶುರುವಾಗೋದು ಅರಣ್ಯ ಇಲಾಖೆಯಲ್ಲಿ ಅಲ್ಲ, ಗ್ರಾಮಸಭೆಯಲ್ಲಿ. ಗ್ರಾಮಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತೆ. ಆ ಸಮಿತಿ ಜಾಗ ನೋಡಿ ವರದಿ ಕೊಡುತ್ತೆ. ಗ್ರಾಮಸಭೆ ನಿರ್ಣಯ ಮಾಡಿ ಉಪವಿಭಾಗ ಮಟ್ಟದ ಸಮಿತಿಗೆ ಕಳಿಸುತ್ತೆ.

ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ಇದ್ದರು ಅಂತ ತೋರಿಸಿದರೆ ಸಾಕು. ಯಲ್ಲಾಪುರ ಕಡೆಯ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಈ ನಿಯಮ ಅನ್ವಯ ಆಗುತ್ತೆ. ಉಳಿದವರು ಆ ದಿನಕ್ಕಿಂತ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರು, ಆ ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಹಳೆ ಕಾಗದ ಎಲ್ಲರ ಮನೆಯಲ್ಲೂ ಇರಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಬಹುದು ಅಂತ ನಿಯಮದಲ್ಲೇ ಇದೆ. ಈ ಕಾಯ್ದೆಯ ಗ್ರಾಮಸಭೆಗೆ ಕೋರಂ ಕೂಡ ಜಾಸ್ತಿ: 2012ರ ತಿದ್ದುಪಡಿಯ ಪ್ರಕಾರ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಜನ ಬರದೆ ಸಭೆ ಮುಂದಕ್ಕೆ ಹೋದರೆ ಯಾರದ್ದೋ ಮನೆಯ ಅರ್ಜಿಯೂ ಮುಂದಕ್ಕೆ ಹೋದ ಹಾಗೇ.

ಇಂಥ ಸಭೆಗೆ ಎಷ್ಟು ಬಲ ಇದೆ ಅಂತ ಅನುಮಾನ ಇದ್ದರೆ ಒಡಿಶಾದ ನಿಯಮಗಿರಿಯನ್ನು ನೋಡಬಹುದು. ಅಲ್ಲಿನ ಗುಡ್ಡದಲ್ಲಿ ಬಾಕ್ಸೈಟ್ ಗಣಿ ಮಾಡುವ ಬಗ್ಗೆ ಗ್ರಾಮಸಭೆಗಳನ್ನೇ ಕೇಳಿ ಅಂತ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. ಮರುವರ್ಷ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು.

ಕಾನೂನಿಗಿಂತ ಮೊದಲೇ ಸಭೆ ಇತ್ತು

ಕೂತು ಮಾತಾಡುವ ಅಭ್ಯಾಸ ನಮ್ಮ ಕಡೆಗೆ ಹೊಸದಲ್ಲ. 1980ರ ಆಸುಪಾಸಿನಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಮಾತು ಬಂದಾಗ ಶಿರಸಿಯ ಟಿಎಸ್‌ಎಸ್, ಅಂದರೆ ಅಡಿಕೆ ಬೆಳೆಗಾರರ ಮಾರಾಟ ಸಹಕಾರಿ ಸಂಘ, ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಘೋಷಣೆ ಕೂಗಿದ್ದಷ್ಟೇ ಅಲ್ಲ, ಯೋಜನೆಯ ಲಾಭ-ನಷ್ಟದ ಲೆಕ್ಕವನ್ನೇ ಬಿಚ್ಚಿ ನೋಡಿದರು. ಕೊನೆಗೆ ಯೋಜನೆ ನಿಂತಿತು. 1983ರಲ್ಲಿ ಶಿರಸಿ ತಾಲೂಕಿನ ಯುವಕ ಮಂಡಳಿಯ ಹುಡುಗರು ಮರ ಕಡಿಯೋದನ್ನ ನಿಲ್ಲಿಸಿ ಅಂತ ಅರಣ್ಯ ಇಲಾಖೆಗೆ ಪತ್ರ ಬರೆದರು. ಕಡಿಯೋದು ನಿಲ್ಲಲಿಲ್ಲ. ಆ ವರ್ಷ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೊ ಚಳವಳಿ. ಅದರ ಫೋಟೋ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ನಡೆದ ಮೀಟಿಂಗು, ಬರೆದ ಪತ್ರ ನೆನಪಾಗೋದು ಕಡಿಮೆ.

ಅದೇ 1983ರಲ್ಲಿ ಕರ್ನಾಟಕದ ವಿಧಾನಸಭೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮಸೂದೆ ಬಂತು. ಅದನ್ನು ತಂದವರು ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಮುಖ್ಯಮಂತ್ರಿ ಆಗಿದ್ದವರು ರಾಮಕೃಷ್ಣ ಹೆಗಡೆ, ಸಿದ್ದಾಪುರ ತಾಲೂಕಿನ ದೊಡ್ಮನೆಯವರು. 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. ಇಡೀ ದೇಶಕ್ಕೆ 73ನೇ ತಿದ್ದುಪಡಿ ಬರೋಕೆ ಇನ್ನೂ ಐದಾರು ವರ್ಷ ಇತ್ತು. ಹಾಗಾಗಿ ಗ್ರಾಮಸಭೆ ಎಲ್ಲೋ ದಿಲ್ಲಿಯಿಂದ ಬಂದ ಯೋಜನೆ ಅಂತ ನಮ್ಮ ಕಡೆಯವರು ಅಂದುಕೊಳ್ಳೋ ಹಾಗಿಲ್ಲ.

ಪೇಟೆಯವರ ಪಾಡು

ಈಗ ಗಡಿಯ ಈಚೆ ಬರೋಣ. ಶಿರಸಿಯದು ನಗರಸಭೆ, ಸಿದ್ದಾಪುರ, ಯಲ್ಲಾಪುರದ್ದು ಪಟ್ಟಣ ಪಂಚಾಯತಿ. ಊರಿನಲ್ಲಿ ಸುಮಾರು 400 ಜನರಿಗೆ ಒಬ್ಬ ಪಂಚಾಯತಿ ಸದಸ್ಯರು. ಶಿರಸಿ ಪೇಟೆಯಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿದ ಜನಕ್ಕೆ 31 ವಾರ್ಡು, ಅಂದರೆ ಸುಮಾರು 2,000 ಜನರಿಗೆ ಒಬ್ಬರು. ಅವರನ್ನು ಆರಿಸಿದ ಮೇಲೆ ಮತದಾರರು ಸೇರುವ ಸಭೆ ಯಾವುದು? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ನಮ್ಮ ಮೂರೂ ಪೇಟೆ ಕೂಡಿಸಿದರೂ ಅದರ ಅರ್ಧ ಆಗಲ್ಲ.

ಸದಸ್ಯರು ಇದ್ದಾರಲ್ಲ, ಸಾಕು ಅನ್ನಬಹುದು. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆ ಆಗಿದ್ದೇ 2020ರಲ್ಲಿ. ಗೆದ್ದವರಿಗೇ ಎರಡು ವರ್ಷ ಅಧಿಕಾರ ಇಲ್ಲದಿದ್ದಾಗ, ನಲ್ಲಿಯಲ್ಲಿ ನೀರು ಬರಲ್ಲ ಅಂತ ಜನ ಯಾವ ಸಭೆಯಲ್ಲಿ ಹೇಳಬೇಕು?

ಇದಕ್ಕೆ ದಾರಿ ಇಲ್ಲ ಅಂತೇನಲ್ಲ. ಪಕ್ಕದ ಕೇರಳದ 1994ರ ಮುನಿಸಿಪಾಲಿಟಿ ಕಾಯ್ದೆಯಲ್ಲಿ 1 ಲಕ್ಷದವರೆಗೆ ಜನಸಂಖ್ಯೆ ಇರುವ ಪಟ್ಟಣಗಳಿಗೂ ವಾರ್ಡ್ ಸಭೆ ಇದೆ. ಆ ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಶಿರಸಿಯಷ್ಟೇ ದೊಡ್ಡ ಪೇಟೆ ಅಲ್ಲಿದ್ದರೆ ಅಲ್ಲಿನವರಿಗೆ ಈ ಹಕ್ಕು ಇರುತ್ತಿತ್ತು. ಹಳ್ಳಿಯವರಿಗೆ ಕೊಟ್ಟದ್ದನ್ನು ಸಣ್ಣ ಪೇಟೆಯವರಿಗೂ ಕೊಡಿ ಅಂತ ಕೇಳೋದು ನ್ಯಾಯವಾದ ಬೇಡಿಕೆ ಅಂತ ನಮಗನಿಸುತ್ತೆ.

ಹೋಗುವ ಮೊದಲು, ಹೋದ ಮೇಲೆ

ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದವರು ಫಾರ್ಮ್ 6 ತುಂಬಬೇಕು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇರೋದ್ರಿಂದ ಬಹಳ ಕಾಯಬೇಕಾಗಿಲ್ಲ. ಊರಿನ ಸಭೆ ಯಾವಾಗ ಅಂತ ಪಂಚಾಯತಿ ಕಚೇರಿಗೆ ಅಥವಾ ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತೆ.

ಸಭೆಯಲ್ಲಿ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಬರೆದು ಕೊಡಿ, ಒಂದು ಪ್ರತಿಗೆ ಸೀಲು-ಸಹಿ ಹಾಕಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಯಿತಾ ನೋಡಿ. ಹಿಂದಿನ ಸಭೆಯ ನಡಾವಳಿ ಓದಿ ಹೇಳಿ ಅಂತ ಕೇಳಿ. ಆಗ ಗೊತ್ತಾಗುತ್ತೆ ಹಳೆಯ ಎಷ್ಟು ನಿರ್ಣಯ ಅಲ್ಲೇ ಕೂತಿವೆ ಅಂತ. ಪ್ರತಿ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಸಭೆಯನ್ನೇ ಕರೆಯುತ್ತಿಲ್ಲ ಅಂತಾದರೆ ಶೇ. 10 ಮತದಾರರು ಬರೆದು ಕೊಟ್ಟು ವಿಶೇಷ ಗ್ರಾಮಸಭೆ ಕೇಳಬಹುದು.

ಹೋದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾವು ಹೇಳ್ತಾ ಇಲ್ಲ. ಮನೆ ಹಂಚುವ ಪಟ್ಟಿ ಇದ್ದ ದಿನ ಸಭೆ ತುಂಬುತ್ತೆ, ಇಲ್ಲದ ದಿನ ಕುರ್ಚಿ ಖಾಲಿ. ಇಲಾಖೆಯವರು ಕೆಲವರು ಬರ್ತಾರೆ, ಕೆಲವರು ಬರಲ್ಲ. ಮಾತಾಡುವವರು ಅದೇ ನಾಲ್ಕು ಹಿರಿಯರು. ಹುಡುಗರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಸೇರಿ ಆಗಿದೆ. ಊರಲ್ಲಿ ಉಳಿದವರು ಅಪ್ಪ-ಅಮ್ಮ, ಅಜ್ಜ-ಅಜ್ಜಿ. ನಾವು ಓದು ಮುಗಿಸಿ ಎಲ್ಲೋ ಕೆಲಸ ಹಿಡಿಯುತ್ತೇವೆ, ನಮ್ಮ ಹೆಸರು ಮಾತ್ರ ಊರಿನ ಪಟ್ಟಿಯಲ್ಲಿ ಉಳಿಯುತ್ತೆ. ಹೀಗೇ ಆದರೆ ಇನ್ನು ಹತ್ತು ವರ್ಷಕ್ಕೆ ಕೋರಂ ತುಂಬಿಸೋಕೂ ಜನ ಸಿಗಲಿಕ್ಕಿಲ್ಲ.

ಅದಕ್ಕೇ ನಮ್ಮದೊಂದು ಸಣ್ಣ ವಿನಂತಿ. ಸೆಮಿಸ್ಟರ್ ಎಕ್ಸಾಮ್ ಮುಗಿಸಿ ಊರಿಗೆ ಹೋದಾಗ ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಕೇಳಿಟ್ಟುಕೊಳ್ಳಿ. ಒಂದು ಸಲ ಹೋಗಿ ಕೂತು ನೋಡಿ, ಜೊತೆಗೆ ಪಕ್ಕದ ಮನೆಯ ಅತ್ತಿಗೆಯನ್ನೋ ಅಜ್ಜನನ್ನೋ ಕರೆದುಕೊಂಡು ಹೋಗಿ. ವಾರ್ಡ್ ಸಭೆಗೆ ಬೇಕಾದದ್ದು ಇಪ್ಪತ್ತೇ ಜನ. ನಮ್ಮ ಲ್ಯಾಬ್ ಬ್ಯಾಚಿನಲ್ಲೇ ಅಷ್ಟು ಜನ ಇರ್ತಾರೆ.