ನ್ಯೂಟ್ರಲ್ ಬೇರೆ, ಅರ್ತ್ ಬೇರೆ

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಬೇಸಾಯ. ಶೇಂಗಾ ಕೈಕೊಟ್ಟ ವರ್ಷ ಹಾಲಿನ ದುಡ್ಡಲ್ಲೇ ಮನೆ ನಡೀಬೇಕು. ಹಾಗಾಗಿ 2016ರಲ್ಲಿ ಮೇವು ಕತ್ತರಿಸುವ ಮಿಷನ್ ತಂದೆ. ಸಿಂಗಲ್ ಫೇಸಿನ 2 ಎಚ್.ಪಿ. ಮೋಟಾರು. ಮನೆಯಿಂದ ಕೊಟ್ಟಿಗೆಗೆ ಎರಡೇ ತಂತಿ ಎಳೆಸಿದೆ. ಮೂರನೆಯದಕ್ಕೆ ಯಾಕೆ ದುಡ್ಡು ಎಂಬ ಲೆಕ್ಕ ನನ್ನದೇ. ವೈರಿಂಗ್ ಮಾಡಿದವರು ಪ್ಲಗ್ಗಿನೊಳಗೆ ದಪ್ಪ ಪಿನ್ನನ್ನು ಒಂದು ತುಂಡು ತಂತಿಯಿಂದ ನ್ಯೂಟ್ರಲ್ಲಿಗೇ ಸೇರಿಸಿದರು. "ಎರಡೂ ಭೂಮಿಗೇ ಹೋಗೋದಲ್ವಾ ಯಜಮಾನ್ರೇ" ಅಂದರು. ನಾನೂ ಹೂಂ ಅಂದೆ.

ಒಂದು ವರ್ಷ ಏನೂ ಆಗಲಿಲ್ಲ. 2017ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸ್ವಿಚ್ ಹಾಕಿದೆ, ಮಿಷನ್ ತಿರುಗಲಿಲ್ಲ. ಕರೆಂಟು ಇಲ್ಲ ಅಂದ್ಕೊಂಡು ಸ್ವಿಚ್ ಆರಿಸದೆ ಹೊರಟೆ. ಬಾಗಿಲು ದಾಟುವಷ್ಟರಲ್ಲಿ, ಮಿಷನ್ನಿನ ಕಾಲಿಗೆ ಸರಪಣಿಯಿಂದ ಕಟ್ಟಿದ್ದ ಹಸು ಕುಸಿದು ಬಿತ್ತು. ನನ್ನ ಹೆಂಡತಿ ಸರಪಣಿ ಬಿಚ್ಚಲು ಓಡಿಬಂದು ಕೈ ಚಾಚಿದಳು. ಬೆರಳು ತಾಗಿದ್ದಷ್ಟೇ, ಹಿಂದಕ್ಕೆ ಬಿದ್ದಳು. ನಾನು ಸ್ವಿಚ್ ಆರಿಸಿದೆ. ಅವಳು ಉಳಿದಳು. ಎಂಟು ಲೀಟರು ಕೊಡುತ್ತಿದ್ದ ಹಸು ಉಳಿಯಲಿಲ್ಲ.

ಆಗಿದ್ದೇನು?

ಅಂಗಳದ ಮೇಲೆ ಹಾದಿದ್ದ ತಂತಿಯ ಜಾಯಿಂಟಿನಲ್ಲಿ ನ್ಯೂಟ್ರಲ್ ಬಿಟ್ಟುಕೊಂಡಿತ್ತು. ಫೇಸಿನಲ್ಲಿ ಬಂದ ಕರೆಂಟು ಮೋಟಾರಿನ ಸುರುಳಿ ದಾಟಿ ನ್ಯೂಟ್ರಲ್ಲಿನಲ್ಲಿ ವಾಪಸು ಹೋಗಬೇಕು. ಆ ದಾರಿ ಕಡಿದಾಗ ಪ್ಲಗ್ಗಿನ ತುಂಡು ತಂತಿ ಹಿಡಿದು ಮಿಷನ್ನಿನ ಮೈಗೆ ಬಂತು. ಅಲ್ಲಿಂದ ಸರಪಣಿ, ಹಸು, ನೆಲ. ಮೋಟಾರಿನಲ್ಲಿ ಯಾವ ದೋಷವೂ ಇರಲಿಲ್ಲ ನೋಡಿ.

ನ್ಯೂಟ್ರಲ್ ದಿನಾ ಕರೆಂಟು ಹೊರುವ ತಂತಿ. ಅರ್ತ್ ಸುಮ್ಮನಿದ್ದು, ಕೆಟ್ಟ ಗಳಿಗೆಯಲ್ಲಿ ಮಾತ್ರ ಕೆಲಸಕ್ಕೆ ಬರುವ ತಂತಿ. ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರುತ್ತಾರೆ, ನಿಜ. ಹಾಗಂತ ನಮ್ಮ ಕೊಟ್ಟಿಗೆಯಲ್ಲಿ ಎರಡನ್ನೂ ಒಂದು ಮಾಡಬಾರದು.

ಎಷ್ಟು ತಂತಿ ಬೇಕು?

ಸಿಂಗಲ್ ಫೇಸಿನ ಮಿಷನ್ನಿಗೆ (230 ವೋಲ್ಟ್) ಮೂರು: ಫೇಸ್, ನ್ಯೂಟ್ರಲ್, ಅರ್ತ್.

ತ್ರೀ ಫೇಸ್ ಮೋಟಾರಿಗೆ ನಾಲ್ಕು: ಮೂರು ಫೇಸ್, ಒಂದು ಅರ್ತ್. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಮೋಟಾರು ತಿರುಗಲು ನ್ಯೂಟ್ರಲ್ ಬೇಡ. ಅದರ ಮೈಗೆ ಮಾತ್ರ ಎರಡು ಬೇರೆ ಬೇರೆ ಅರ್ತ್ ಜೋಡಣೆ ಕೊಡಿಸಿ. ಒಂದು ತುಕ್ಕು ಹಿಡಿದರೂ ಇನ್ನೊಂದು ಇರುತ್ತದೆ.

ಅಲ್ಲೇ ಬಲ್ಬ್ ಉರಿಯಬೇಕಾದರೆ ನ್ಯೂಟ್ರಲ್ ಸೇರಿ ಐದು. ನ್ಯೂಟ್ರಲ್ ಇಲ್ಲವೆಂದು ಫೇಸಿಗೂ ಅರ್ತ್ ಕಂಬಿಗೂ ಬಲ್ಬ್ ಕಟ್ಟುವವರಿದ್ದಾರೆ. ಅರ್ತ್ ಸಡಿಲವಾದ ದಿನ ಸ್ಟಾರ್ಟರ್ ಡಬ್ಬಿಯೇ ಶಾಕ್ ಕೊಡುತ್ತದೆ.

ಒಣ ನೆಲದ ಅರ್ತ್

ನಮ್ಮಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ತ್ ಗುಂಡಿಯೂ ಒಣಗುತ್ತದೆ. ಒಣಗಿದ ಮಣ್ಣು ಕರೆಂಟು ಎಳೆಯದು. ನಾನು 9 ಅಡಿ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿಸಿದೆ. ಬಚ್ಚಲ ನೀರು ಹರಿಯುವ ಕಡೆ ಜಾಗ ಆರಿಸಿದೆ. ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹಾಕುತ್ತೇನೆ.

ಆದರೂ ಅದೊಂದೇ ಸಾಲದು. ಗುಂಡಿಯ ತಡೆ 10 ಓಮ್ ಅಂತಿಟ್ಟುಕೊಳ್ಳಿ. 230ನ್ನು 10ರಿಂದ ಭಾಗಿಸಿದರೆ 23 ಆಂಪಿಯರ್. ಇಷ್ಟಕ್ಕೆ 32 ಆಂಪಿಯರಿನ ಎಂ.ಸಿ.ಬಿ. ಬೀಳುವುದಿಲ್ಲ. ಅದಕ್ಕೇ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದೆ. ಅದು ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ತಾಳೆ ನೋಡುತ್ತದೆ. ಸ್ವಲ್ಪ ನೆಲಕ್ಕೆ ಸೋರಿದರೂ ತಟ್ಟನೆ ಬೀಳುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು.

ಈಗ ನಾನು ಪಾಲಿಸುವುದು:

* ಅರ್ತ್ ತಂತಿಗೆ ಸ್ವಿಚ್ಚೂ ಬೇಡ, ಫ್ಯೂಸೂ ಬೇಡ.
* ಪ್ಲಗ್ಗಿನ ದಪ್ಪ ಪಿನ್ನು ಅರ್ತಿನದು. ಕತ್ತರಿಸಬಾರದು.
* ಮಿಷನ್ನಿಗೆ ದನ ಕಟ್ಟಬಾರದು.
* ತಿರುಗದಿದ್ದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಕಾರಣ ಹುಡುಕಬೇಕು.

ಪ್ಲಗ್ ಬಿಚ್ಚಿ ಸರಿಪಡಿಸುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ನೀವು ಕೂಗಿ ಕರೆಸಿ, ಪಕ್ಕದಲ್ಲಿ ನಿಂತು ದಪ್ಪ ಪಿನ್ನಿನ ತಂತಿ ಎಲ್ಲಿಗೆ ಹೋಗಿದೆ ಅಂತ ತೋರಿಸಲು ಹೇಳಿ. ನಾನು 2016ರಲ್ಲಿ ಕೇಳಬೇಕಿದ್ದ ಪ್ರಶ್ನೆ ಅದು.