ಎರಡನೇ ಎಣಿಕೆಯ ಮೇಷ್ಟ್ರು: ಎಡ್ಡಿ ಟೊರೆಸ್

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು 53ನೇ ಬೀದಿ ಕೂಡುವಲ್ಲಿ, ಒಂದು ಕಟ್ಟಡದ ಮಹಡಿಯ ಮೇಲೆ ಪಲಾಡಿಯಂ ಎಂಬ ನೃತ್ಯ ಸಭಾಂಗಣವಿತ್ತು. 1940ರ ದಶಕದ ಕೊನೆಯಿಂದ ಮುಂದಿನ ಹದಿನೈದು ಹದಿನಾರು ವರ್ಷ ಅದು ಮಾಂಬೊ ನೃತ್ಯದ ರಾಜಧಾನಿಯಾಗಿತ್ತು. ಮಚಿಟೊ, ಟಿಟೊ ಪುಯೆಂಟೆ, ಟಿಟೊ ರಾಡ್ರಿಗಸ್ ಈ ಮೂವರ ವಾದ್ಯವೃಂದಗಳು ಅಲ್ಲಿ ಪೈಪೋಟಿಗೆ ಬಿದ್ದು ನುಡಿಸುತ್ತಿದ್ದವು. ಬುಧವಾರದ ರಾತ್ರಿಗಳು ನೃತ್ಯ ಸ್ಪರ್ಧೆಗೆ ಹೆಸರಾಗಿದ್ದವು. ಪೋರ್ಟೊ ರಿಕೊ ಮತ್ತು ಕ್ಯೂಬಾದಿಂದ ಬಂದ ವಲಸಿಗರು, ಹಾರ್ಲೆಮ್‌ನ ಕಪ್ಪು ಜನ, ಇಟಾಲಿಯನ್ನರು, ಯಹೂದಿಗಳು ಅಲ್ಲಿ ಕೈ ಕೈ ಹಿಡಿದು ಕುಣಿದರು. ಅಮೆರಿಕದಲ್ಲಿ ವರ್ಣಭೇದ ಇನ್ನೂ ಬಿಗಿಯಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

1966ರಲ್ಲಿ ಪಲಾಡಿಯಂ ಬಾಗಿಲು ಹಾಕಿತು. ಅಲ್ಲಿ ಮೆರೆದ ನರ್ತಕರಿಗೆ ಶಾಲೆಯಿರಲಿಲ್ಲ, ಪಠ್ಯವಿರಲಿಲ್ಲ. ಕ್ಯೂಬನ್ ಪೀಟ್ ಎಂದೇ ಪ್ರಸಿದ್ಧರಾದ ಪೆಡ್ರೊ ಅಗ್ವಿಲಾರ್, ಅವರ ಜೊತೆಗಾರ್ತಿ ಮಿಲ್ಲಿ ಡೊನೇ ಅಂಥವರ ಹೆಜ್ಜೆಗಳನ್ನು ಕಿರಿಯರು ನೋಡಿ ಕಲಿತರು. ಕಣ್ಣಿಂದ ಕಾಲಿಗೆ ಇಳಿದ ವಿದ್ಯೆ ಅದು. ನೋಡಲು ಜಾಗವೇ ಇಲ್ಲವಾದಾಗ ಕಲಿಯುವ ದಾರಿಯೂ ಮುಚ್ಚಿಹೋಗುತ್ತದೆ. ಆ ದಾರಿಯನ್ನು ಮತ್ತೆ ತೆರೆದವರಲ್ಲಿ ಮುಖ್ಯರು ಎಡ್ಡಿ ಟೊರೆಸ್.

ಬೀದಿಯಿಂದ ಬಾಲ್‌ರೂಮಿಗೆ

ಟೊರೆಸ್ 1950ರಲ್ಲಿ ಪೋರ್ಟೊ ರಿಕೊ ಮೂಲದ ಕುಟುಂಬದಲ್ಲಿ ಹುಟ್ಟಿ, ನ್ಯೂಯಾರ್ಕಿನ ಸ್ಪ್ಯಾನಿಷ್ ಹಾರ್ಲೆಮ್‌ನಲ್ಲಿ ಬೆಳೆದರು. ಎರಡನೇ ಮಹಾಯುದ್ಧದ ನಂತರ ಪೋರ್ಟೊ ರಿಕೊದಿಂದ ಕೆಲಸ ಹುಡುಕಿಕೊಂಡು ಬಂದ ಸಾವಿರಾರು ಕುಟುಂಬಗಳು ನೆಲೆಸಿದ ಕೇರಿ ಅದು. ಪಲಾಡಿಯಂ ಮುಚ್ಚಿದಾಗ ಅವರಿನ್ನೂ ಹದಿಹರೆಯದ ಹುಡುಗ. ಅವರಿಗೆ ಪಾಠಶಾಲೆಯಾದದ್ದು 86ನೇ ಬೀದಿಯ ಕೋರ್ಸೊ ಕ್ಲಬ್. ಅಲ್ಲಿ ಪಲಾಡಿಯಂ ಕಾಲದ ಹಿರಿಯರು ಇನ್ನೂ ಕುಣಿಯುತ್ತಿದ್ದರು. ಹುಡುಗ ಬದಿಗೆ ನಿಂತು ನೋಡಿದ, ಮನೆಗೆ ಹೋಗಿ ಅಭ್ಯಾಸ ಮಾಡಿದ, ಮರುವಾರ ಮತ್ತೆ ಬಂದು ನೋಡಿದ.

ಅದೇ ವರ್ಷಗಳಲ್ಲಿ ಸಂಗೀತಕ್ಕೆ ಹೊಸ ಹೆಸರು ಅಂಟಿಕೊಳ್ಳುತ್ತಿತ್ತು. 1964ರಲ್ಲಿ ಜಾನಿ ಪಚೆಕೊ ಮತ್ತು ಜೆರ್ರಿ ಮಸೂಚಿ ಕಟ್ಟಿದ ಫಾನಿಯಾ ರೆಕಾರ್ಡ್ಸ್ ಸಂಸ್ಥೆ, ಕ್ಯೂಬಾದ ಸೋನ್ ಮತ್ತು ಮಾಂಬೊ ಬೇರಿನಿಂದ ನ್ಯೂಯಾರ್ಕಿನ ನೆಲದಲ್ಲಿ ಬೆಳೆದ ಸಂಗೀತವನ್ನು ಸಾಲ್ಸಾ ಎಂಬ ಹೆಸರಿನಲ್ಲಿ ಜಗತ್ತಿಗೆ ಮಾರಿತು. ಹಾಡುಗಳು ಗೆದ್ದವು. ನೃತ್ಯ ಮಾತ್ರ ಹಿಂದೆ ಬಿತ್ತು. 1970ರ ದಶಕದ ಕೊನೆಗೆ ಡಿಸ್ಕೊ ಅಲೆ ಎದ್ದಾಗ ಯುವಕರು ಆ ಕಡೆ ಹರಿದರು.

ಟೊರೆಸ್ ಅವರ ಬದುಕು ತಿರುಗಿದ್ದು ಜೂನ್ ಲಬೆರ್ಟಾ ಎಂಬ ಬಾಲ್‌ರೂಮ್ ಶಿಕ್ಷಕಿಯ ಭೇಟಿಯಿಂದ. ಟೊರೆಸ್ ಆಗಲೇ ಸೊಗಸಾಗಿ ಕುಣಿಯುತ್ತಿದ್ದರು. ಆದರೆ ಯಾವ ಎಣಿಕೆಗೆ ಯಾವ ಕಾಲು ಇಡುತ್ತಿದ್ದೇನೆ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ಸಂಗೀತದ ಲೆಕ್ಕ ಕಲಿ, ನಿನ್ನ ಹೆಜ್ಜೆಗಳಿಗೆ ಹೆಸರಿಡು, ಅವನ್ನು ಬಿಡಿಸಿ ಹೇಳಲು ಕಲಿ ಎಂದು ಲಬೆರ್ಟಾ ಒತ್ತಾಯಿಸಿದರು. ಬಾಲ್‌ರೂಮಿನ ಶಿಸ್ತೂ ಬೀದಿಯ ರಕ್ತಗತ ಲಯವೂ ಇಲ್ಲಿ ಒಂದಾದವು. ಒಬ್ಬ ನರ್ತಕ ಶಿಕ್ಷಕನಾದ.

ಎರಡರ ಲೆಕ್ಕ

ಸಾಲ್ಸಾದ ಒಂದು ಆವರ್ತ ಎಂಟು ಎಣಿಕೆಯದು. ನಮ್ಮ ಆದಿತಾಳಕ್ಕೂ ಎಂಟು ಅಕ್ಷರ. ಸಮದಿಂದ ಸ್ವಲ್ಪ ಸರಿದು ಪಲ್ಲವಿ ಎತ್ತಿಕೊಳ್ಳುವ ಕೃತಿಯನ್ನು ಕೇಳಿದವರಿಗೆ, ತಾಳದ ಮೊದಲ ತಟ್ಟೇ ಒತ್ತಿನ ಜಾಗವಾಗಬೇಕಿಲ್ಲ ಎಂಬುದು ಗೊತ್ತು. ಟೊರೆಸ್ ಕಲಿಸಿದ ನೃತ್ಯದ ಗುಟ್ಟೂ ಇಲ್ಲೇ ಇದೆ.

ಅವರ ಪದ್ಧತಿಯಲ್ಲಿ 1, 2, 3ಕ್ಕೆ ಹೆಜ್ಜೆ, 4ಕ್ಕೆ ಬಿಡುವು. 5, 6, 7ಕ್ಕೆ ಹೆಜ್ಜೆ, 8ಕ್ಕೆ ಬಿಡುವು. ದೇಹ ದಿಕ್ಕು ಬದಲಿಸುವ ಮುಖ್ಯ ಹೆಜ್ಜೆ, ಅಂದರೆ ನರ್ತಕರು ಬ್ರೇಕ್ ಎನ್ನುವುದು, 2 ಮತ್ತು 6ರಲ್ಲಿ ಬೀಳುತ್ತದೆ. ಇದಕ್ಕೇ ಈ ಶೈಲಿಗೆ ‘ಆನ್ ಟೂ’ ಎಂಬ ಹೆಸರು. ಪಲಾಡಿಯಂನ ಹಿರಿಯರೂ ಎರಡರಲ್ಲೇ ಬ್ರೇಕ್ ಇಡುತ್ತಿದ್ದರು, ಆದರೆ ಅವರ ಹೆಜ್ಜೆಗಳು 2, 3, 4 ಮತ್ತು 6, 7, 8ಕ್ಕೆ ಬೀಳುತ್ತಿದ್ದವು. ಲಾಸ್ ಏಂಜಲೀಸ್‌ನಲ್ಲಿ ಬೆಳೆದ ‘ಆನ್ ಒನ್’ ಶೈಲಿಯಲ್ಲಿ ಬ್ರೇಕ್ 1 ಮತ್ತು 5ಕ್ಕೆ.

ಎರಡೇ ಏಕೆ? ಉತ್ತರ ಕೊಂಗಾ ವಾದ್ಯದಲ್ಲಿದೆ. ಉದ್ದನೆಯ ಈ ಚರ್ಮವಾದ್ಯದ ಮೇಲೆ ನುಡಿಸುವ ಮೂಲ ನಡೆಗೆ ತುಂಬಾವೊ ಎಂದು ಹೆಸರು. ಅದರಲ್ಲಿ ಎರಡನೇ ಎಣಿಕೆಗೆ ಅಂಗೈಯ ಚುರುಕಾದ ಹೊಡೆತ ಬೀಳುತ್ತದೆ. ನಾಲ್ಕಕ್ಕೆ ಬಿಚ್ಚುದನಿಯ ಎರಡು ನಾದಗಳು ಹೊರಡುತ್ತವೆ. ಎರಡರಲ್ಲಿ ಬ್ರೇಕ್ ಇಟ್ಟ ನರ್ತಕ ಕೊಂಗಾದವನ ಕೈಯ ಜೊತೆಗೇ ನಡೆಯುತ್ತಾನೆ. ಅವನ ಓಟ ಅವಸರವಿಲ್ಲದೆ, ಹಾಡಿನ ಮೇಲೆ ಒರಗಿದಂತೆ ಕಾಣುತ್ತದೆ. ಇಡೀ ಸಂಗೀತಕ್ಕೆ ಬೆನ್ನೆಲುಬಾದದ್ದು ಕ್ಲಾವೆ. ಎರಡು ಮರದ ಕಡ್ಡಿಗಳನ್ನು ಬಡಿದು ನುಡಿಸುವ, ಎಂಟು ಎಣಿಕೆಯಲ್ಲಿ ಐದು ಪೆಟ್ಟಿನ ಲಯ ಅದು. ಅದು ಕಿವಿಗೆ ಬೀಳದಿದ್ದಾಗಲೂ ವಾದಕರೆಲ್ಲ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನುಡಿಸುತ್ತಾರೆ. ಟೊರೆಸ್ ತಮ್ಮ ಶಿಷ್ಯರಿಗೆ ಕಾಲಿನ ಜೊತೆಗೆ ಕಿವಿಯನ್ನೂ ತಿದ್ದಿದರು.

ಅವರ ಇನ್ನೊಂದು ಕೊಡುಗೆ ‘ಶೈನ್’ಗಳು. ಜೋಡಿ ಕೈಬಿಟ್ಟು, ಎದುರುಬದುರು ನಿಂತು ಒಬ್ಬೊಬ್ಬರೇ ಕಾಲಿನ ಚಳಕ ತೋರುವ ಭಾಗ ಇದು. ಹಿರಿಯರು ಆ ಕ್ಷಣಕ್ಕೆ ಹೊಳೆದಂತೆ ಕುಣಿಯುತ್ತಿದ್ದ ತುಣುಕುಗಳನ್ನು ಟೊರೆಸ್ ಸಂಗ್ರಹಿಸಿದರು, ತಮ್ಮವನ್ನೂ ಸೇರಿಸಿದರು, ಹೆಸರಿಟ್ಟು ಸಾಲಾಗಿ ಜೋಡಿಸಿದರು. ಹೆಸರು ಸಿಕ್ಕ ಹೆಜ್ಜೆಯನ್ನು ತರಗತಿಯಲ್ಲಿ ಕೇಳಿ ಕಲಿಯಬಹುದು, ಮರೆತರೆ ಮತ್ತೆ ಕೇಳಬಹುದು, ಬೇರೆ ಊರಿಗೆ ಒಯ್ಯಬಹುದು.

ಪುಯೆಂಟೆ ಜೊತೆ

ವೇದಿಕೆಯ ಮೇಲಿನ ಅವರ ದೊಡ್ಡ ಕನಸು ಟಿಟೊ ಪುಯೆಂಟೆ ಅವರ ವಾದ್ಯವೃಂದದ ಜೊತೆ ಕುಣಿಯುವುದಾಗಿತ್ತು. ಪುಯೆಂಟೆ (1923–2000) ಟಿಂಬಾಲೆಸ್ ಎಂಬ ತಾಳವಾದ್ಯದ ವಾದಕರು. ಬಾಲ್ಯದಲ್ಲಿ ಸಹೋದರಿಯ ಜೊತೆ ನೃತ್ಯವನ್ನೂ ಕಲಿತವರು. ನರ್ತಕನ ಕಾಲಿಗೆ ಯಾವ ಪೆಟ್ಟು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1980ರ ದಶಕದಲ್ಲಿ ಆ ಕನಸು ಕೈಗೂಡಿತು. ಟೊರೆಸ್ ತಮ್ಮ ಪತ್ನಿ ಮರಿಯಾ ಅವರ ಜೊತೆ ಪುಯೆಂಟೆ ಕಛೇರಿಗಳಲ್ಲಿ ನರ್ತಿಸಿದರು, ಮುಂದೆ ತಮ್ಮದೇ ನೃತ್ಯ ತಂಡ ಕಟ್ಟಿದರು. ಕ್ಲಬ್ಬಿನಲ್ಲಿ ಕುಣಿಯುವುದಕ್ಕೂ ರಂಗದ ಮೇಲೆ ಕುಣಿಯುವುದಕ್ಕೂ ಬಹಳ ಅಂತರವಿದೆ. ಕ್ಲಬ್ಬಿನಲ್ಲಿ ಜೊತೆಗಾರರ ಕಣ್ಣು ಕಂಡರೆ ಸಾಕು. ರಂಗದಲ್ಲಿ ಸಾಲು, ಅಂತರ, ಪ್ರವೇಶ, ನಿರ್ಗಮನ ಎಲ್ಲವೂ ಲೆಕ್ಕಕ್ಕೆ ಬರಬೇಕು. ಟೊರೆಸ್ ತಂಡ ಮಾಂಬೊವನ್ನು ರಂಗಕ್ಕೆ ಹೊಂದಿಸಿತು, ಅದರ ಬೀದಿಯ ಬಿಸಿ ಆರಲು ಬಿಡಲಿಲ್ಲ.

ಈ ವೃತ್ತಿಯ ಹೊಟ್ಟೆಪಾಡು ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ. ಪ್ರದರ್ಶನ ಹೆಸರು ತರುತ್ತದೆ, ಪಾಠ ಅನ್ನ ಹಾಕುತ್ತದೆ. ಲ್ಯಾಟಿನ್ ನರ್ತಕರ ಸಂಜೆ ಸಾಲು ತರಗತಿಗಳಲ್ಲಿ ಕಳೆಯುತ್ತದೆ, ನಂತರ ತಂಡದ ಅಭ್ಯಾಸ, ರಾತ್ರಿ ಕ್ಲಬ್. ಮಂಡಿ, ಹಿಮ್ಮಡಿ, ಸೊಂಟ ಬೇಗ ಸವೆಯುತ್ತವೆ. ಹೆಂಗಸರು ಎತ್ತರದ ಹಿಮ್ಮಡಿಯ ಬೂಟಿನಲ್ಲಿ ಗಂಟೆಗಟ್ಟಲೆ ಸುತ್ತು ಹೊಡೆಯಬೇಕು. ಹಾಗಾಗಿ ಕಲಿಸುವ ಕಲೆ ಗೊತ್ತಿಲ್ಲದ ನರ್ತಕನ ವೃತ್ತಿ ಯೌವನದ ಜೊತೆಗೇ ಮುಗಿಯುತ್ತದೆ. ಟೊರೆಸ್ ದಶಕಗಳ ಕಾಲ ನಿಂತದ್ದು ಪಾಠದ ಬಲದಿಂದ.

ಹೆಜ್ಜೆಯ ವಲಸೆ

1990ರ ದಶಕದಲ್ಲಿ ಟೊರೆಸ್ ಪಾಠಗಳು ವಿಡಿಯೊ ಕ್ಯಾಸೆಟ್‌ಗಳಾಗಿ ಹೊರಬಂದವು. ಹಾರ್ಲೆಮ್ ನೋಡದವರೂ ತಮ್ಮ ಮನೆಯ ಟಿ.ವಿ. ಮುಂದೆ ನಿಂತು ‘ಆನ್ ಟೂ’ ಕಲಿತರು. ಅವರ ಶಿಷ್ಯರು ತಾವೇ ಶಾಲೆಗಳನ್ನು ತೆರೆದರು. 1997ರಲ್ಲಿ ಪೋರ್ಟೊ ರಿಕೊದಲ್ಲಿ ಜಾಗತಿಕ ಸಾಲ್ಸಾ ಸಮ್ಮೇಳನ ನಡೆಯಿತು; 1999ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಇಂಥದೇ ಸಮ್ಮೇಳನ ಆರಂಭವಾಯಿತು. ಹಗಲು ಕಾರ್ಯಾಗಾರ, ಸಂಜೆ ಪ್ರದರ್ಶನ, ರಾತ್ರಿಯಿಡೀ ಎಲ್ಲರೂ ಸೇರಿ ಕುಣಿತ ಎಂಬ ಈ ಮಾದರಿ ಬೇಗನೆ ಖಂಡದಿಂದ ಖಂಡಕ್ಕೆ ಹಬ್ಬಿತು. ಭಾಷೆ ಬಾರದ ಇಬ್ಬರು ಒಂದೇ ಎಣಿಕೆಯ ಮೇಲೆ ಮೂರು ನಿಮಿಷ ಕುಣಿಯಬಲ್ಲರು. ಲೆಕ್ಕ ಸ್ಪಷ್ಟವಾಗಿದ್ದುದರಿಂದಲೇ ಇದು ಸಾಧ್ಯವಾಯಿತು.

ಸಾಲ್ಸಾಗೆ ಬೇರೆ ಮನೆತನಗಳೂ ಇವೆ. ಕ್ಯೂಬಾದಲ್ಲಿ ಜೋಡಿಗಳು ವೃತ್ತವಾಗಿ ನಿಂತು, ಕೂಗಿದ ಹೆಸರಿಗೆ ತಕ್ಕಂತೆ ಜೊತೆಗಾರರನ್ನು ಬದಲಿಸುತ್ತ ಕುಣಿಯುವ ರುಯೆಡಾ ಇದೆ. ಕೊಲಂಬಿಯಾದ ಕಾಲಿ ನಗರದವರದು ಮಿಂಚಿನ ಕಾಲು. ಅಲ್ಲಿನ ಸ್ವಿಂಗ್ ಲ್ಯಾಟಿನೊ ತಂಡ 2020ರಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ವೇದಿಕೆಯಲ್ಲಿ ಕುಣಿಯಿತು. ಯಾವುದೂ ಇನ್ನೊಂದಕ್ಕಿಂತ ಹೆಚ್ಚಲ್ಲ, ಒಂದೊಂದೂ ತನ್ನ ಊರಿನ ನಡಿಗೆಯನ್ನು ಹೊತ್ತಿದೆ.

ಬೆಂಗಳೂರಿಗೂ ಈ ನೃತ್ಯ ಬಂದು ಬಹಳ ವರ್ಷಗಳಾದವು. ಲೂರ್ಡ್ ವಿಜಯ್ ಅವರಂಥ ಶಿಕ್ಷಕರು ಇಲ್ಲಿ ಅದಕ್ಕೆ ನೆಲೆ ಕೊಟ್ಟರು. ಕೆಲಸ ಮುಗಿಸಿ ಬಂದ ಯುವಕ ಯುವತಿಯರು ಇಂದು ನಗರದ ಸ್ಟುಡಿಯೊಗಳಲ್ಲಿ ಎಂಟರ ಲೆಕ್ಕ ಹಾಕುತ್ತಿದ್ದಾರೆ. ಅವರಲ್ಲಿ ಎರಡರ ಮೇಲೆ ಬ್ರೇಕ್ ಇಡುವವರೆಲ್ಲ, ಹೆಸರು ಗೊತ್ತಿರಲಿ ಇಲ್ಲದಿರಲಿ, ಟೊರೆಸ್ ಅವರ ಪಾಠವನ್ನೇ ಓದುತ್ತಿದ್ದಾರೆ.

ನರ್ತಕನ ಕೀರ್ತಿ ಅವನು ಕುಣಿದಷ್ಟು ದಿನ. ಕಲಿಸಿದವನ ವಿದ್ಯೆ ಶಿಷ್ಯರ ಶಿಷ್ಯರ ಕಾಲಿನಲ್ಲೂ ಉಳಿಯುತ್ತದೆ. ಪಲಾಡಿಯಂನಲ್ಲಿ ಟೊರೆಸ್‌ಗಿಂತ ದೊಡ್ಡ ನರ್ತಕರು ಇದ್ದಿರಬಹುದು. ಅವರ ಹೆಜ್ಜೆಗಳು ಇಂದಿಗೂ ಬದುಕಿರುವುದರಲ್ಲಿ ಟೊರೆಸ್ ಅವರ ಪಾಲು ದೊಡ್ಡದು. ಸಾಲ್ಸಾ ಕಲಿಯಬೇಕೆಂದು ಮನಸ್ಸು ಮಾಡಿದವರಿಗೆ ಹೇಳುವುದು ಇಷ್ಟೇ: ಸುತ್ತುಗಳ ಬೆನ್ನು ಹತ್ತುವ ಮೊದಲು ಕೊಂಗಾವನ್ನು ಕೇಳಿಸಿಕೊಳ್ಳಿ, ಮತ್ತು ಅದನ್ನು ಕೇಳಿಸಿಕೊಡಬಲ್ಲ ಮೇಷ್ಟ್ರನ್ನೇ ಹುಡುಕಿಕೊಳ್ಳಿ.