ಅಳಿಸಲಾಗದ ಸಾಕ್ಷ್ಯ: ಕ್ವೇಕರರ ಕರಪತ್ರಗಳ ಕಥೆ

ದುಆ ಮಾಡುವಾಗ ನಾವು ಅಲ್ಲಾಹನನ್ನು ‘ನೀನು’ ಎಂದು ಕರೆಯುತ್ತೇವೆ. ಪ್ರಾಂಶುಪಾಲರ ಕೊಠಡಿಯಲ್ಲಿ ನಿಂತಾಗ ‘ನೀವು’ ಎನ್ನುತ್ತೇವೆ. ಇದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಆದರೆ ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಗುಂಪಿನ ಜನರಿಗೆ ಇದು ದೊಡ್ಡ ಪ್ರಶ್ನೆಯಾಯಿತು. ಆಗ ಇಂಗ್ಲಿಷಿನಲ್ಲೂ ಕನ್ನಡದಂತೆ ಎರಡು ಪದಗಳಿದ್ದವು. ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ದೇವರಿಗೇ ‘ನೀನು’ ಸಾಕಾಗಿರುವಾಗ ಜಮೀನ್ದಾರನಿಗೂ ನ್ಯಾಯಾಧೀಶನಿಗೂ ‘ನೀವು’ ಏಕೆ ಬೇಕು ಎಂದು ಅವರು ಕೇಳಿದರು. ಎಲ್ಲರನ್ನೂ ‘ನೀನು’ ಎಂದೇ ಕರೆದರು. ದೇವರನ್ನು ಪ್ರಾರ್ಥಿಸುವ ಹೊತ್ತು ಬಿಟ್ಟರೆ ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಇದಕ್ಕಾಗಿ ಏಟು ತಿಂದರು, ಜೈಲಿಗೆ ಹೋದರು.

ಅವರೇ ಕ್ವೇಕರರು. ಈ ಲೇಖನದಲ್ಲಿ ಅವರನ್ನೆಲ್ಲ ಏಕವಚನದಲ್ಲೇ ಕರೆದಿದ್ದೇನೆ. ಅವರಿಗೂ ಅದೇ ಇಷ್ಟವಾಗುತ್ತಿತ್ತು. ಅವರ ಬಳಿ ಸೈನ್ಯವಿರಲಿಲ್ಲ, ಅಧಿಕಾರವೂ ಇರಲಿಲ್ಲ. ಇದ್ದದ್ದು ಕಾಗದ, ಶಾಯಿ ಮತ್ತು ಅಚ್ಚಿನ ಮೊಳೆ. ತಮ್ಮ ಮೇಲಾದ ಅನ್ಯಾಯವನ್ನು ಹೆಸರು, ಊರು, ತಾರೀಖು ಸಮೇತ ಬರೆದಿಡುವ ಅಭ್ಯಾಸ ಅವರಲ್ಲಿ ಬೆಳೆಯಿತು. ಅವರ ಕೈಯಲ್ಲಿದ್ದ ಅತಿ ದೊಡ್ಡ ಶಕ್ತಿ ಅದೇ ಆಯಿತು.

ಯಾರು ಈ ಕ್ವೇಕರರು?

ಜಾರ್ಜ್ ಫಾಕ್ಸ್ 1624ರಲ್ಲಿ ಲೆಸ್ಟರ್‌ಶೈರ್‌ನ ಒಂದು ಹಳ್ಳಿಯಲ್ಲಿ ನೇಕಾರನ ಮಗನಾಗಿ ಹುಟ್ಟಿದ. ಚಮ್ಮಾರನೊಬ್ಬನ ಬಳಿ ಕೆಲಸ ಕಲಿತ. ಆತನ ಯೌವನದಲ್ಲಿ ಇಂಗ್ಲೆಂಡ್ ಹೊತ್ತಿ ಉರಿಯುತ್ತಿತ್ತು. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಆರಂಭವಾಯಿತು. 1649ರಲ್ಲಿ ರಾಜ ಒಂದನೇ ಚಾರ್ಲ್ಸ್‌ನ ತಲೆ ಉರುಳಿತು. ಸತ್ಯವನ್ನು ಹುಡುಕುತ್ತ ಊರೂರು ಅಲೆದ ಫಾಕ್ಸ್ ಕೊನೆಗೆ ಒಂದು ನಿಲುವಿಗೆ ಬಂದ. ದೇವರ ಬೆಳಕು ಪ್ರತಿಯೊಬ್ಬ ಮನುಷ್ಯನ ಒಳಗೂ ಇದೆ, ಅದನ್ನು ಕಾಣಲು ಸಂಬಳದ ಪಾದ್ರಿಯ ಅಗತ್ಯವಿಲ್ಲ ಎಂಬುದೇ ಆ ನಿಲುವು.

ಈ ಒಂದು ಮಾತಿನಿಂದ ಹಲವು ಪರಿಣಾಮಗಳು ಹುಟ್ಟಿದವು. ಅವರ ಸಭೆಗಳಲ್ಲಿ ಎಲ್ಲರೂ ಮೌನವಾಗಿ ಕೂರುತ್ತಿದ್ದರು. ಒಳಗಿನಿಂದ ಪ್ರೇರಣೆಯಾದವರು ಎದ್ದು ಮಾತಾಡುತ್ತಿದ್ದರು. ಹೆಂಗಸರಿಗೂ ಆ ಹಕ್ಕಿತ್ತು. ಬೆಳೆಯ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡಬೇಕೆಂಬ ಕಾನೂನನ್ನು ಅವರು ಒಪ್ಪಲಿಲ್ಲ. ನ್ಯಾಯಾಲಯದಲ್ಲಿ ಆಣೆ ಇಡಲೂ ಒಪ್ಪಲಿಲ್ಲ. ಸತ್ಯ ಹೇಳುವವನಿಗೆ ಆಣೆ ಯಾಕೆ ಎಂಬುದು ಅವರ ವಾದ. 1650ರಲ್ಲಿ ಡರ್ಬಿ ಎಂಬ ಊರಿನಲ್ಲಿ ಫಾಕ್ಸ್ ಧರ್ಮನಿಂದನೆಯ ಆರೋಪದ ಮೇಲೆ ಸೆರೆಯಾದ. ದೇವರ ಮಾತಿಗೆ ನಡುಗಿರಿ ಎಂದು ಆತ ಹೇಳಿದಾಗ ನ್ಯಾಯಾಧೀಶ ಅವರನ್ನು ‘ಕ್ವೇಕರರು’, ಅಂದರೆ ನಡುಗುವವರು, ಎಂದು ಲೇವಡಿ ಮಾಡಿದ. ಅವರು ತಮ್ಮನ್ನು ‘ಮಿತ್ರರು’ ಎಂದು ಕರೆದುಕೊಳ್ಳುತ್ತಿದ್ದರು. ಆದರೆ ಲೇವಡಿಯ ಹೆಸರೇ ಉಳಿಯಿತು.

ಅಚ್ಚುಯಂತ್ರದ ಬಾಗಿಲು ತೆರೆಯಿತು

1641ರಲ್ಲಿ ‘ಸ್ಟಾರ್ ಚೇಂಬರ್’ ಎಂಬ ರಾಜನ ನ್ಯಾಯಾಲಯ ರದ್ದಾಯಿತು. ಪುಸ್ತಕಗಳ ಮೇಲೆ ಕಣ್ಣಿಡುತ್ತಿದ್ದ ವ್ಯವಸ್ಥೆ ಅದರೊಂದಿಗೆ ಕುಸಿಯಿತು. ಇಂಗ್ಲೆಂಡಿನಲ್ಲಿ ಕರಪತ್ರಗಳ ಪ್ರವಾಹವೇ ಹರಿಯಿತು. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ 1640ರಿಂದ 1661ರವರೆಗೆ ಕೂಡಿಸಿಟ್ಟ ಕಿರುಹೊತ್ತಗೆ, ಕರಪತ್ರ, ಸುದ್ದಿಹಾಳೆಗಳ ಸಂಖ್ಯೆ 22,000ಕ್ಕೂ ಹೆಚ್ಚು. ಒಂದು ದೊಡ್ಡ ಹಾಳೆಯನ್ನು ಎರಡು ಬಾರಿ ಮಡಚಿದರೆ ಎಂಟು ಪುಟ. ಅಂಥದ್ದು ಅಗ್ಗವಾಗಿ ಸಿಗುತ್ತಿತ್ತು. ಜೇಬಿನಲ್ಲಿ ಹಿಡಿಯುತ್ತಿತ್ತು. ಓದು ಬಾರದವರಿಗೆ ಸಂತೆಯಲ್ಲಿ ಗಟ್ಟಿಯಾಗಿ ಓದಿ ಹೇಳಬಹುದಿತ್ತು.

ಕ್ವೇಕರರು ಈ ಅವಕಾಶವನ್ನು ವ್ಯವಸ್ಥಿತವಾಗಿ ಬಳಸಿಕೊಂಡರು. ಉತ್ತರ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಫೆಲ್ ಎಂಬಾಕೆಯ ಮನೆ ‘ಸ್ವಾರ್ತ್‌ಮೂರ್ ಹಾಲ್’ ಅವರ ಪತ್ರವ್ಯವಹಾರದ ಕೇಂದ್ರವಾಯಿತು. ಊರೂರು ಸುತ್ತುವ ಬೋಧಕರ ಖರ್ಚಿಗೆ, ಜೈಲಿನಲ್ಲಿದ್ದವರ ನೆರವಿಗೆ, ಪುಸ್ತಕಗಳ ವೆಚ್ಚಕ್ಕೆ 1654ರಲ್ಲಿ ಕೆಂಡಲ್ ಎಂಬ ಊರಿನಲ್ಲಿ ನಿಧಿಯೊಂದು ಸ್ಥಾಪನೆಯಾಯಿತು. ಲಂಡನ್ನಿನಲ್ಲಿ ಜೈಲ್ಸ್ ಕ್ಯಾಲ್ವರ್ಟ್ ಎಂಬ ಪ್ರಕಾಶಕ ಅವರ ಬರಹಗಳನ್ನು ಅಚ್ಚು ಹಾಕಿಸಿದ. ಬರೆದವರಲ್ಲಿ ರೈತರು, ಸೈನಿಕರಾಗಿದ್ದವರು, ಮನೆಕೆಲಸದವರು ಎಲ್ಲರೂ ಇದ್ದರು. 1659ರಲ್ಲಿ ಚರ್ಚಿನ ದಶಮಾಂಶದ ವಿರುದ್ಧ 7,000ಕ್ಕೂ ಹೆಚ್ಚು ಹೆಂಗಸರು ಹೆಸರು ಹಾಕಿದ ಮನವಿಯೊಂದು ಪಾರ್ಲಿಮೆಂಟಿಗೆ ಸಲ್ಲಿಕೆಯಾಯಿತು. ಅದು ಮುದ್ರಣವೂ ಆಯಿತು. ಹೆಂಗಸರಿಗೆ ಮತದ ಹಕ್ಕು ಕನಸಿನಲ್ಲೂ ಇಲ್ಲದ ಕಾಲವದು.

ಮನೆಕೆಲಸದ ಹೆಣ್ಣು, ಉಸ್ಮಾನಿ ಸುಲ್ತಾನ

ಯಾರ್ಕ್‌ಶೈರ್‌ನ ಮೇರಿ ಫಿಶರ್ ಮನೆಕೆಲಸಕ್ಕಿದ್ದ ಹೆಣ್ಣು. 1653ರ ಡಿಸೆಂಬರಿನಲ್ಲಿ ಆಕೆ, ಗೆಳತಿ ಎಲಿಜಬೆತ್ ವಿಲಿಯಮ್ಸ್ ಜೊತೆ ಕೇಂಬ್ರಿಜ್‌ಗೆ ಹೋದಳು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳಿಗೆ ಕಾಲೇಜಿನ ಬಾಗಿಲಲ್ಲಿ ನಿಂತು ಬೋಧಿಸಿದಳು. ವಿದ್ಯಾರ್ಥಿಗಳು ಗೇಲಿ ಮಾಡಿದರು. ಊರಿನ ಮೇಯರ್ ಇಬ್ಬರನ್ನೂ ಸಂತೆಕಟ್ಟೆಯಲ್ಲಿ ರಕ್ತ ಬರುವಂತೆ ಚಾಟಿಯಿಂದ ಹೊಡೆಸಿದ. ಮರುವರ್ಷವೇ ಈ ಘಟನೆಯ ವಿವರ ಕರಪತ್ರವಾಗಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂತು. ಕೇಂಬ್ರಿಜ್‌ನ ಸಂತೆಗೆ ಸೀಮಿತವಾಗಬೇಕಿದ್ದ ಅವಮಾನವನ್ನು ಇಡೀ ದೇಶ ಓದಿತು. ತಲೆ ತಗ್ಗಿಸಬೇಕಾಗಿ ಬಂದದ್ದು ಮೇಯರ್.

1656ರಲ್ಲಿ ಆಕೆ ಆ್ಯನ್ ಆಸ್ಟಿನ್ ಎಂಬಾಕೆಯ ಜೊತೆ ಅಮೆರಿಕದ ಬಾಸ್ಟನ್ ಬಂದರಿಗೆ ಬಂದಳು. ಅಧಿಕಾರಿಗಳು ಇವರು ತಂದಿದ್ದ ಪುಸ್ತಕಗಳನ್ನು ಸಂತೆಯಲ್ಲಿ ಸುಡಿಸಿದರು. ಮಾಟಗಾತಿಯ ಗುರುತಿದೆಯೇ ಎಂದು ಇಬ್ಬರ ಬಟ್ಟೆ ಬಿಚ್ಚಿಸಿ ಹುಡುಕಿಸಿದರು. ಯಾರ ಜೊತೆಗೂ ಮಾತಾಡದಂತೆ ಜೈಲಿನ ಕಿಟಕಿಗೆ ಹಲಗೆ ಬಡಿಸಿದರು. ಸುಮಾರು ಐದು ವಾರಗಳ ನಂತರ ಹಡಗು ಹತ್ತಿಸಿ ಕಳಿಸಿಬಿಟ್ಟರು.

ಮುಂದಿನ ಪಯಣ ಇನ್ನೂ ದೂರದ್ದು. 1657ರಲ್ಲಿ ಆಕೆ ಕೆಲವು ಸಂಗಾತಿಗಳೊಂದಿಗೆ ಪೂರ್ವಕ್ಕೆ ಹೊರಟಳು. ಸ್ಮಿರ್ನಾದಲ್ಲಿದ್ದ ಇಂಗ್ಲಿಷ್ ರಾಯಭಾರ ಕಚೇರಿಯ ಅಧಿಕಾರಿ ಅವರನ್ನು ತಡೆದು ವಾಪಸು ಹಡಗು ಹತ್ತಿಸಿದ. ಆದರೆ ಮೇರಿ ದಾರಿಯಲ್ಲಿ ಇಳಿದು, ನೂರಾರು ಮೈಲಿ ನಡೆದು, 1658ರಲ್ಲಿ ಎಡಿರ್ನೆಯಲ್ಲಿ ಬೀಡುಬಿಟ್ಟಿದ್ದ ಸುಲ್ತಾನ್ ನಾಲ್ಕನೇ ಮುಹಮ್ಮದನ ಪಾಳೆಯ ತಲುಪಿದಳು. ಸುಲ್ತಾನನಿಗೆ ಆಗ ಹದಿನಾರರ ಆಸುಪಾಸು. ಪ್ರಧಾನ ವಜೀರ ಕೊಪ್ರುಲು ಮುಹಮ್ಮದ್ ಪಾಶಾ ಭೇಟಿಗೆ ಏರ್ಪಾಡು ಮಾಡಿದ. ಮನೆಕೆಲಸದ ಹೆಣ್ಣನ್ನು ರಾಯಭಾರಿಯಂತೆ ಗೌರವದಿಂದ ಬರಮಾಡಿಕೊಂಡರು. ಆಕೆ ಹೇಳಿದ್ದನ್ನು ಸುಲ್ತಾನ ಪೂರ್ತಿ ಕೇಳಿದ. ಪ್ರವಾದಿ ಮುಹಮ್ಮದ್(ಸ)ರ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಆಕೆಯನ್ನು ಕೇಳಿದರು. ತಾನು ಅವರನ್ನು ಅರಿತಿಲ್ಲ, ತಾನು ನಂಬಿರುವುದು ಕ್ರಿಸ್ತನನ್ನು ಎಂದು ಆಕೆ ನೇರವಾಗಿ ಹೇಳಿದಳು. ಅಲ್ಲಿ ಯಾರೂ ಚಾಟಿ ಎತ್ತಲಿಲ್ಲ. ದಾರಿಗೆ ಕಾವಲಿನವರನ್ನು ಕಳಿಸುತ್ತೇವೆ ಎಂದರು. ಆಕೆ ಬೇಡವೆಂದು ಹೊರಟಳು, ಕ್ಷೇಮವಾಗಿ ಊರು ಸೇರಿದಳು. ತುರ್ಕರು ತನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೆಂದು ಆಮೇಲೆ ಪತ್ರದಲ್ಲಿ ಬರೆದಳು.

ಕೇಂಬ್ರಿಜ್, ಬಾಸ್ಟನ್, ಎಡಿರ್ನೆ ಈ ಮೂರೂ ಕಡೆ ಆಕೆ ತನಗೆ ತೋಚಿದ ಸತ್ಯವನ್ನೇ ಹೇಳಿದಳು. ಭಿನ್ನಾಭಿಪ್ರಾಯ ಮೂರೂ ಕಡೆ ಇತ್ತು. ಕೇಳಿಸಿಕೊಳ್ಳುವ ತಾಳ್ಮೆ ಇದ್ದದ್ದು ಒಂದೇ ಕಡೆ.

ಬಾಸ್ಟನ್ನಿನ ಗಲ್ಲುಮರ

ಬಾಸ್ಟನ್ನಿನ ಆಡಳಿತಗಾರರು ಪ್ಯೂರಿಟನ್ನರು. ತಮ್ಮ ನಂಬಿಕೆಗಾಗಿ ಇಂಗ್ಲೆಂಡಿನಲ್ಲಿ ಕಿರುಕುಳ ಅನುಭವಿಸಿ ಅಮೆರಿಕಕ್ಕೆ ಬಂದವರು. ಅಂಥವರೇ ಕ್ವೇಕರರ ಕಿವಿ ಕತ್ತರಿಸುವ ಕಾನೂನನ್ನು 1657ರಲ್ಲಿ ತಂದರು. ಗಡಿಪಾರಾದ ಮೇಲೂ ಹಿಂದಿರುಗಿದರೆ ಮರಣದಂಡನೆ ಎಂದು 1658ರಲ್ಲಿ ವಿಧಿಸಿದರು. 1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್‌ಸನ್ ಮತ್ತು ಮಾರ್ಮಡ್ಯೂಕ್ ಸ್ಟೀವನ್‌ಸನ್ ಅವರನ್ನು ಗಲ್ಲಿಗೇರಿಸಿದರು. ಮೇರಿ ಡಯರ್ ಎಂಬಾಕೆಯನ್ನು ಗಲ್ಲುಮರದವರೆಗೆ ಒಯ್ದು ಕೊನೆಗಳಿಗೆಯಲ್ಲಿ ಬಿಟ್ಟು ಗಡಿಪಾರು ಮಾಡಿದರು. ಈ ಕಾನೂನು ತಪ್ಪೆಂದು ಹೇಳಲು ಆಕೆ ಮತ್ತೆ ಬಂದಳು. 1660ರ ಜೂನ್ 1ರಂದು ಆಕೆಯನ್ನೂ ಗಲ್ಲಿಗೇರಿಸಿದರು. 1661ರ ಮಾರ್ಚಿನಲ್ಲಿ ವಿಲಿಯಂ ಲೆಡ್ರಾನ ಸರದಿ.

ಲಂಡನ್ನಿನಲ್ಲಿ ಎಡ್ವರ್ಡ್ ಬರೋ ಎಂಬ ಯುವಕ ಈ ವಿಷಯದಲ್ಲಿ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದ. ಎಷ್ಟು ಜನರಿಗೆ ಚಾಟಿಯೇಟು, ಯಾರ ಕಿವಿ ಹೋಯಿತು, ಎಷ್ಟು ದಂಡ, ಯಾರು ಸತ್ತರು ಎಂಬುದರ ಪಟ್ಟಿ ಅದರಲ್ಲಿತ್ತು. ಹೊಸ ರಾಜ ಎರಡನೇ ಚಾರ್ಲ್ಸ್‌ನನ್ನು ಆತ ಕಂಡು ಮಾತಾಡಿದ. ರಾಜ ಆದೇಶ ಬರೆಸಿದ. ಕ್ವೇಕರರನ್ನು ಅಲ್ಲಿ ಶಿಕ್ಷಿಸಬೇಡಿ, ವಿಚಾರಣೆಗೆ ಇಂಗ್ಲೆಂಡಿಗೆ ಕಳಿಸಿ ಎಂದು ಅದರಲ್ಲಿತ್ತು. ಆ ಪತ್ರವನ್ನು ಬಾಸ್ಟನ್ನಿಗೆ ಒಯ್ದವನು ಸ್ಯಾಮ್ಯುಯೆಲ್ ಶಾಟಕ್. ಹಿಂದಿರುಗಿದರೆ ಸಾವು ಎಂಬ ಶಿಕ್ಷೆಯೊಂದಿಗೆ ಅಲ್ಲಿಂದ ಗಡಿಪಾರಾಗಿದ್ದ ಕ್ವೇಕರನೇ ಆತ! ಚಾಟಿಯೇಟು ಆಮೇಲೂ ಮುಂದುವರಿಯಿತು. ಆದರೆ ಗಲ್ಲಿಗೇರಿಸುವುದು ನಿಂತಿತು.

ನೋವಿನ ಲೆಕ್ಕದ ಪುಸ್ತಕ

ಇಂಗ್ಲೆಂಡಿನಲ್ಲಿ ಮಾತ್ರ ಪರಿಸ್ಥಿತಿ ಬಿಗಡಾಯಿಸಿತು. 1661ರ ಜನವರಿಯಲ್ಲಿ ಬೇರೊಂದು ಪಂಥದವರು ಲಂಡನ್ನಿನಲ್ಲಿ ದಂಗೆ ಎದ್ದರು. ಕೈವಾಡವಿಲ್ಲದ ಕ್ವೇಕರರಲ್ಲಿ ಸಾವಿರಾರು ಜನ ಸೆರೆಯಾದರು. ನಾವು ಆಯುಧ ಹಿಡಿಯುವುದಿಲ್ಲ ಎಂದು ಅವರು ರಾಜನಿಗೆ ಲಿಖಿತ ಘೋಷಣೆ ಕೊಟ್ಟರು. ಆದರೂ 1662ರಲ್ಲಿ ಅವರ ವಿರುದ್ಧವೇ ಒಂದು ಕಾಯ್ದೆ ಬಂತು. ಐದು ಅಥವಾ ಹೆಚ್ಚು ಕ್ವೇಕರರು ಆರಾಧನೆಗೆ ಸೇರಿದರೆ ಅಪರಾಧ. ಅದೇ ವರ್ಷ ಮುದ್ರಣಕ್ಕೆ ಪರವಾನಗಿಯ ಕಾನೂನೂ ಮರಳಿತು. ಬರೋ 1663ರಲ್ಲಿ ನ್ಯೂಗೇಟ್ ಜೈಲಿನಲ್ಲೇ ಸತ್ತ. ಮಾರ್ಗರೆಟ್ ಫೆಲ್ ಲ್ಯಾಂಕಾಸ್ಟರ್ ಕೋಟೆಯ ಸೆರೆಯಲ್ಲಿದ್ದಾಗಲೇ, ಹೆಂಗಸರು ಧರ್ಮದ ಬಗ್ಗೆ ಮಾತಾಡುವ ಹಕ್ಕನ್ನು ಸಮರ್ಥಿಸಿದ ಆಕೆಯ ಪುಸ್ತಕ 1666ರಲ್ಲಿ ಹೊರಬಂತು.

ಈ ಕಾಲದಲ್ಲಿ ಅವರ ಬರವಣಿಗೆ ಬದಲಾಯಿತು. ಆರಂಭದ ಕರಪತ್ರಗಳಲ್ಲಿ ಗುಡುಗು ಸಿಡಿಲು ಹೆಚ್ಚು. ಈಗ ಲೆಕ್ಕ ಹೆಚ್ಚಾಯಿತು. ಯಾವ ಊರು, ಯಾವ ದಿನ, ಯಾವ ಅಧಿಕಾರಿ, ಯಾರ ಕೊಟ್ಟಿಗೆಯಿಂದ ಎಷ್ಟು ಹಸು, ಅದರ ಬೆಲೆ ಎಷ್ಟು, ಎಷ್ಟು ತಿಂಗಳ ಸೆರೆ, ಇವನ್ನೆಲ್ಲ ಊರಿನ ಸಭೆ ಬರೆದು ಲಂಡನ್ನಿಗೆ ಕಳಿಸಬೇಕಿತ್ತು. ಇದಕ್ಕಾಗಿಯೇ 1675ರಲ್ಲಿ ‘ಸಂಕಷ್ಟಗಳ ಸಭೆ’ ಎಂಬ ಸಮಿತಿ ರಚನೆಯಾಯಿತು. ಈ ದಾಖಲೆಗಳನ್ನು ಪಾರ್ಲಿಮೆಂಟ್ ಸದಸ್ಯರ ಕೈಗೆ ಕೊಟ್ಟರು. ಬೈಗುಳಕ್ಕೆ ಬೈಗುಳದ ಉತ್ತರ ಕೊಡಬಹುದು. ಹೆಸರು ತಾರೀಖು ಇರುವ ದಾಖಲೆಗೆ ಉತ್ತರ ಕೊಡುವುದು ಕಷ್ಟ. ಹದೀಸ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾರು ಹೇಳಿದರು, ಯಾರಿಂದ ಕೇಳಿದರು ಎಂಬ ಸರಪಳಿಯಿಂದಲೇ ಮಾತಿಗೆ ತೂಕ ಬರುತ್ತದೆ.

1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಬೋಧಿಸಿದ್ದಕ್ಕಾಗಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ವಿಚಾರಣೆಗೆ ಗುರಿಯಾದರು. ಹನ್ನೆರಡು ಮಂದಿ ಜ್ಯೂರಿ ಅವರನ್ನು ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ನ್ಯಾಯಾಧೀಶರು ಅನ್ನ ನೀರಿಲ್ಲದೆ ಅವರನ್ನು ಕೂಡಿಹಾಕಿದರು. ಆದರೂ ಅವರು ಬಗ್ಗಲಿಲ್ಲ. ದಂಡ ಕಟ್ಟಲು ಒಪ್ಪದ ಎಡ್ವರ್ಡ್ ಬುಶೆಲ್ ಮತ್ತು ಸಂಗಡಿಗರು ಜೈಲಿಗೆ ಹೋದರು. ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಮುಖ್ಯ ನ್ಯಾಯಾಧೀಶ ವಾನ್ ಕೊನೆಗೆ ಹೇಳಿದ. ವಿಚಾರಣೆಯ ಪ್ರಶ್ನೋತ್ತರಗಳನ್ನು ಕ್ವೇಕರರು ಅದೇ ವರ್ಷ ಅಚ್ಚು ಹಾಕಿಸಿ ಹಂಚಿದರು.

ತಮ್ಮ ತಪ್ಪಿನಿಂದ ಕಲಿತ ಪಾಠ

ಕ್ವೇಕರರು ತಪ್ಪೇ ಮಾಡಲಿಲ್ಲವೆಂದಲ್ಲ. ಅವರ ಕೆಲವು ಕರಪತ್ರಗಳು ಪಾದ್ರಿಗಳನ್ನು ತೀರಾ ಕಟುವಾಗಿ ಜರೆದವು. 1656ರಲ್ಲಿ ಅವರ ಪ್ರಮುಖ ಬರಹಗಾರ ಜೇಮ್ಸ್ ನೇಲರ್, ಕ್ರಿಸ್ತ ಜೆರುಸಲೇಮ್ ಪ್ರವೇಶಿಸಿದ ರೀತಿಯಲ್ಲೇ ಕುದುರೆ ಏರಿ ಬ್ರಿಸ್ಟಲ್ ನಗರ ಪ್ರವೇಶಿಸಿದ. ಹಿಂಬಾಲಕರು ಸ್ತುತಿ ಹಾಡಿದರು. ಪಾರ್ಲಿಮೆಂಟ್ ವಿಧಿಸಿದ ಶಿಕ್ಷೆ ಘೋರವಾಗಿತ್ತು. ನೂರಾರು ಚಾಟಿಯೇಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆಗೆ ಬರೆ. ಆ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆದರೆ ವಿರೋಧಿಗಳಿಗೆ ವರ್ಷಗಟ್ಟಲೆ ಆಡಿಕೊಳ್ಳಲು ವಿಷಯ ಸಿಕ್ಕಿತು. 1673ರಿಂದ ಕ್ವೇಕರರು ಲಂಡನ್ನಿನಲ್ಲಿ ಒಂದು ಸಮಿತಿ ಮಾಡಿ, ಪ್ರತಿ ಬರಹವನ್ನೂ ಅಚ್ಚಿಗೆ ಮುನ್ನ ಓದಿ ಪರಿಶೀಲಿಸತೊಡಗಿದರು. ನೊಂದವನ ಬರಹದಲ್ಲಿ ಒಂದು ಸುಳ್ಳು ಸೇರಿದರೂ ಉಳಿದ ಸತ್ಯವೆಲ್ಲ ಸಂಶಯಕ್ಕೆ ಗುರಿಯಾಗುತ್ತದೆ ಎಂಬುದು ಅನುಭವದಿಂದ ಬರುವ ತಿಳಿವಳಿಕೆ.

ಅಲ್ಜೀರ್ಸ್‌ನಿಂದ ಒಂದು ಬೆಳಕು

1680ರಲ್ಲಿ ಫಾಕ್ಸ್ ಅಲ್ಜೀರ್ಸ್‌ನ ದೊರೆಗೆ ಬರೆದ ಪುಸ್ತಿಕೆ ಪ್ರಕಟವಾಯಿತು. ಅಲ್ಲಿ ಸೆರೆಯಲ್ಲಿದ್ದ ಕ್ವೇಕರರನ್ನು ದಯೆಯಿಂದ ನೋಡಿಕೊಳ್ಳಿ ಎಂಬುದು ಅದರ ಕೋರಿಕೆ. ಫಾಕ್ಸ್ ಇಸ್ಲಾಮನ್ನು ಒಪ್ಪಿದವನಲ್ಲ. ಆದರೂ ಕುರ್‌ಆನಿನ ಮಾತುಗಳನ್ನೇ ಎತ್ತಿ ತೋರಿಸಿ, ನಿಮ್ಮ ಗ್ರಂಥವೇ ನಿಮಗೆ ಹೀಗೆ ಹೇಳುತ್ತದಲ್ಲ ಎಂದು ವಾದಿಸಿದ. ಕೆಲವು ವರ್ಷಗಳ ನಂತರ ಆ ಸೆರೆಯಾಳುಗಳಿಗೆ ಬರೆದ ಪತ್ರದಲ್ಲಿ ಇನ್ನೊಂದು ಮಾತು ಹೇಳಿದ. ಸಭೆ ಸೇರಿ ಆರಾಧಿಸುವ ಸ್ವಾತಂತ್ರ್ಯ ಇಂಗ್ಲೆಂಡಿನಲ್ಲಿರುವ ನಮಗಿಂತ ಅಲ್ಲಿರುವ ನಿಮಗೇ ಹೆಚ್ಚಿದೆ ಎಂಬುದು ಅದರ ತಾತ್ಪರ್ಯ.

1689ರ ಸಹಿಷ್ಣುತಾ ಕಾಯ್ದೆ ಕ್ವೇಕರರಿಗೆ ಬಹಿರಂಗವಾಗಿ ಆರಾಧಿಸುವ ಅವಕಾಶ ಕೊಟ್ಟಿತು. ಅಷ್ಟರಲ್ಲಿ ನೂರಾರು ಜನ ಜೈಲುಗಳಲ್ಲೇ ಪ್ರಾಣ ಬಿಟ್ಟಿದ್ದರು. ಹೊಡೆಸಿದ ಮೇಯರುಗಳ ಹೆಸರು ಇಂದು ಯಾರಿಗಾದರೂ ಗೊತ್ತಿದ್ದರೆ ಅದಕ್ಕೆ ಏಟು ತಿಂದವರ ದಾಖಲೆಗಳೇ ಮುಖ್ಯ ಕಾರಣ.

ಸ್ನೇಹಿತರೇ, ನಮ್ಮ ನಂಬಿಕೆಯನ್ನೋ ಉಡುಪನ್ನೋ ಹೆಸರನ್ನೋ ಯಾರಾದರೂ ಹೀಯಾಳಿಸಿದಾಗ ರಕ್ತ ಕುದಿಯುವುದು ಸಹಜ. ಆ ಗಳಿಗೆಯಲ್ಲಿ ಮೊಬೈಲ್‌ನಲ್ಲಿ ಬರೆದು ಕಳಿಸಿದ ಸಿಟ್ಟಿನ ಸಾಲು ಮರುದಿನಕ್ಕೆ ಉಳಿಯುವುದಿಲ್ಲ, ಉಳಿದರೆ ನಮಗೇ ಮುಳುವಾಗುತ್ತದೆ. ಸುದ್ದಿ ಬಂದಾಗ ಮೊದಲು ಪರಿಶೀಲಿಸಿರಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಏನಾಯಿತು, ಎಲ್ಲಿ, ಯಾವಾಗ, ಯಾರು ಕಂಡರು ಎಂದು ಉತ್ಪ್ರೇಕ್ಷೆಯಿಲ್ಲದೆ ಬರೆದಿಡೋಣ, ಸಂಬಂಧಪಟ್ಟವರಿಗೆ ತಲುಪಿಸೋಣ. ಹಾಗೆಯೇ, ನಮ್ಮ ಮುಂದೆ ಬಂದು ಭಿನ್ನವಾದ ಮಾತಾಡುವವರಿಗೂ ಎಡಿರ್ನೆಯ ಆ ಹದಿನಾರರ ಹುಡುಗ ಕೊಟ್ಟಷ್ಟು ಸಮಯ ಕೊಡೋಣ. ಆತನಿಗೆ ಆಗ ನಮ್ಮಷ್ಟೇ ವಯಸ್ಸು.